ಕರಡಿಗೆ ಔತಣ ಹಾಕಿದ ದಳವಾಯಿ

ಕಲ್ಲುಗುಡ್ಡಗಳ ನಡುವೆ ಕರಿಬಂಡೆ ಅಂತ ಒಂದು ರಾಜ್ಯ ಇತ್ತು, ಕೇಳ್ರಪ್ಪಾ. ಅಲ್ಲಿನ ರಾಜನಿಗೆ ಸಿಹಿ ಅಂದ್ರೆ ಪ್ರಾಣ. ಅರಮನೆಯಲ್ಲಿ ದಿನಾ ಹೋಳಿಗೆ, ದಿನಾ ಹಲಸಿನ ಹಣ್ಣು. ತಿಂದು ಉಳಿದದ್ದೆಲ್ಲ ಕೋಟೆಯ ಹಿಂದೆ, ಬಡವರ ಕೇರಿಯ ಪಕ್ಕ ಬೀಳುತ್ತಿತ್ತು. ಬಡವರ ಮೂಗಿಗೂ ಹಬ್ಬ ಬೇಡವೇ?

ಆ ವಾಸನೆಗೆ ಗುಡ್ಡದ ಕರಡಿ ಇಳಿದು ಬಂತು. ಅರಮನೆಯಲ್ಲಿ ಪಾತ್ರೆ ತೊಳೆಯುವ ಹುಲಿಗೆವ್ವನ ತಂಗಿ ನೀರಿಗೆ ಹೊರಟವಳು ಅದಕ್ಕೆ ಎದುರಾದಳು. ಕರಡಿ ಅವಳ ಭುಜ ಸಿಗಿದು ಹಾಕಿತು. ಜೀವ ಉಳಿಯಿತು, ಬಲಗೈ ಮಾತ್ರ ಮೇಲೇಳಲಿಲ್ಲ.

ಹುಲಿಗೆವ್ವ ಅಳುತ್ತಲೇ ಸಭೆಗೆ ಓಡಿದಳು. "ದೊರೆಯೇ, ಗುಂಡಿ ತೋಡಿಸಿ, ಎಂಜಲಿಗೆ ಮಣ್ಣು ಮುಚ್ಚಿಸಿ. ಕರಡಿ ಬರೋದು ಅದಕ್ಕೇ."

ದಳವಾಯಿ ಭರಮಣ್ಣ ಮೀಸೆ ತಿರುವಿದ. "ಎಂಜಲಿಗೆ ಕರಡಿ ಬರುತ್ತಾ? ಪಾತ್ರೆ ತೊಳೆಯೋಳು ನನಗೆ ಯುದ್ಧ ಕಲಿಸ್ತಾಳಂತೆ!"

ಸಭೆ ನಕ್ಕಿತು. ಯುದ್ಧ ಶುರುವಾಯಿತು.

ಮೊದಲು ನಗಾರಿ ಬಾರಿಸಿದ. ಊರಿನವರ ಕಿವಿ ಹೋಯಿತು, ಕರಡಿ ಬಂತು. ಆಮೇಲೆ ಗೋಡೆ ಕಟ್ಟಿಸಿದ. ದಿನಾ ಬಂಡೆ ಹತ್ತುವ ಪ್ರಾಣಿ, ಗೋಡೆಯನ್ನೂ ಹತ್ತಿತು. ಕೊನೆಗೆ ನೂರು ಸೈನಿಕರನ್ನು ಕಾವಲಿಟ್ಟ. ನೂರು ಜನರೂ ಹಲಸು ತಿಂದು ಸಿಪ್ಪೆ ಅಲ್ಲೇ ಎಸೆದರು. ಈ ಸಲ ಎರಡು ಕರಡಿ ಬಂದವು. ಇಷ್ಟೊಂದು ದುಡಿದದ್ದಕ್ಕೆ ರಾಜ ದಳವಾಯಿಗೆ ಶಾಲು ಹೊದಿಸಿದ.

ಹುಲಿಗೆವ್ವ ಮತ್ತೆ ಸಭೆಗೆ ಬಂದಳು. ತಣ್ಣಗೆ ಕೈಮುಗಿದಳು. "ದಳವಾಯಿಗಳೇ, ಎಂಜಲಿಗೆ ಕರಡಿ ಬರಲ್ಲ ಅಂದ್ರಲ್ಲ, ಇವತ್ತೊಂದು ದಿನ ನಿಮ್ಮ ಅಂಗಳದಲ್ಲಿ ಸುರೀಲಾ?"

ರಾಜನ ಎದುರು ಬೇಡ ಅನ್ನೋಕಾಗುತ್ತಾ? "ಸುರಿ! ಎರಡು ಬುಟ್ಟಿ ಹೆಚ್ಚೇ ಸುರಿ!" ಅಂದ.

ಹುಲಿಗೆವ್ವ ಮೊದಲು ಅವನ ಹೆಂಡತಿ ಮಕ್ಕಳನ್ನು ಅರಮನೆಗೆ ಕಳಿಸಿದಳು. ಆಮೇಲೆ ಬುಟ್ಟಿ ಸುರಿದಳು. ಹೊತ್ತು ಮುಳುಗುವ ಮೊದಲೇ ಎರಡೂ ಕರಡಿ ಹಾಜರು! ವೀರ ದಳವಾಯಿ ಮಾಳಿಗೆ ಮೇಲಿದ್ದ, ಅವನ ಪಂಚೆ ಅಂಗಳದಲ್ಲಿತ್ತು. ರಾಜ ಉಪ್ಪರಿಗೆಯಿಂದ ಎಲ್ಲವನ್ನೂ ನೋಡುತ್ತಿದ್ದ.

"ಹುಲಿಗೆವ್ವಾ, ನಿನ್ನ ಕಾಲಿಗೆ ಬೀಳ್ತೀನಿ, ಗುಂಡಿ ತೋಡಿಸು!" ಅಂತ ದಳವಾಯಿ ಮಾಳಿಗೆಯಿಂದಲೇ ಕೂಗಿದ.

"ಮೊದಲು ಇಳಿದು ಬನ್ನಿ ಸ್ವಾಮಿ, ಬೀಳೋದು ಆಮೇಲೆ" ಅಂದಳು, ದೂರದಿಂದಲೇ.

ಮರುದಿನ ಗುಂಡಿ ತೋಡಿದವನು ದಳವಾಯಿಯೇ, ರಾಜಾಜ್ಞೆ. ಕರಡಿಗಳು ಮೂರು ದಿನ ಬಂದು ಮೂಸಿದವು, ಏನೂ ಸಿಗದೆ ಗುಡ್ಡದ ಗೆದ್ದಲು ಹುಡುಕಿಕೊಂಡು ಹೋದವು. ಕೇರಿಯ ಹೆಂಗಸರು ಹೆದರದೆ ನೀರಿಗೆ ನಡೆದರು.

ಅದಕ್ಕೇ ಹೇಳೋದು ಮಕ್ಕಳೇ, ಮನೆ ಹತ್ತಿರ ಎಂಜಲು ಚೆಲ್ಲಬೇಡಿ, ಕರಡಿ ತನ್ನ ಗುಡ್ಡದಲ್ಲೇ ಇರುತ್ತೆ. ತಿಳಿದವರು ಬುದ್ಧಿ ಹೇಳಿದರೆ ಕೇಳಿ, ಅವರ ಕೈಯಲ್ಲಿ ಕತ್ತಿ ಇದೆಯೋ ಪಾತ್ರೆಯ ಮಸಿ ಇದೆಯೋ ಅಂತ ನೋಡ್ತಾ ಕೂರಬೇಡಿ.