ಹಾಲೊಲ್ಲದಯ್ಯನ ಮೂರ್ತಿ

ನದಿಯ ದಂಡೆಯ ಆಶ್ರಮವೊಂದರಲ್ಲಿ ಅಡವಯ್ಯ ಎಂಬ ಗುರುಗಳಿದ್ದರು. ಮಾಂಸ ಮುಟ್ಟದ ಸ್ವಾಮಿಗಳನ್ನು ಜನ ಬೇಕಾದಷ್ಟು ಕಂಡಿದ್ದರು. ಹಾಲು, ತುಪ್ಪ, ಜೇನು ಕೂಡ ಬಿಟ್ಟವರನ್ನು ಕಂಡಿರಲಿಲ್ಲ. ನಗುತ್ತಾ ಅವರಿಗೆ ಹಾಲೊಲ್ಲದಯ್ಯ ಎಂದು ಹೆಸರಿಟ್ಟರು.

ಹೊಸದಾಗಿ ಬಂದ ಶಿಷ್ಯ ಮುರಿಗೆಪ್ಪನಿಗೂ ಇದು ಅತಿಯೆನಿಸಿತು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟ.

“ಆಕಳು ತಾನಾಗೇ ಹಾಲು ಕೊಡ್ತದಲ್ರಿ ಅಪ್ಪಾರ. ಕುಡದ್ರ ಏನು ಪಾಪ?”

ಗುರುಗಳು ಅವನನ್ನು ಕರೆದುಕೊಂಡು ಪಕ್ಕದ ರೈತನ ಕೊಟ್ಟಿಗೆಗೆ ಹೋದರು.

ಅಲ್ಲಿ ಆಕಳೊಂದು ತನ್ನ ಕರುವನ್ನು ನೆಕ್ಕುತ್ತಾ ನಿಂತಿತ್ತು. ರೈತ ಹಾಲು ಕರೆಯುತ್ತಿದ್ದ. ಕರು ಮಾತ್ರ ಅಲುಗಾಡಲಿಲ್ಲ.

ಮುರಿಗೆಪ್ಪ ಬಗ್ಗಿ ನೋಡಿದ. ಅದು ಸತ್ತ ಕರುವಿನ ತೊಗಲು. ಒಳಗೆ ಒಣಹುಲ್ಲು ತುಂಬಿ ಹೊಲಿದಿದ್ದರು. ತಾಯಿ ನೆಕ್ಕಿ ನೆಕ್ಕಿ ಅದರ ಬೆನ್ನಿನ ಕೂದಲು ಉದುರಿಹೋಗಿತ್ತು.

ಅದು ಹೋರಿಗರುವಾಗಿತ್ತು, ಮುಂದೆ ಹಾಲು ಕೊಡುವುದಲ್ಲವೆಂದು ಅದಕ್ಕೆ ಕುಡಿಯಲು ಹಾಲು ಉಳಿಸಲಿಲ್ಲ, ಸತ್ತಿತು ಎಂದು ರೈತ ತಿಳಿಸಿದ. ಅವನು ಕೆಟ್ಟವನೇನಲ್ಲ, ಗುರುಗಳಿಗೆ ಚಾಪೆ ಹಾಸಿ ಕೂರಿಸಿದ.

“ಕರು ಸತ್ತ ಮ್ಯಾಲೂ ಹಾಲು ನಿಲ್ಲಬಾರದಲ್ರಿ,” ಎಂದ.

ಅಂದಿನಿಂದ ಮುರಿಗೆಪ್ಪ ಹಾಲು ಮುಟ್ಟಲಿಲ್ಲ.

ವರ್ಷಗಳು ಉರುಳಿದವು. ಗುರುಗಳು ಊರೂರು ತಿರುಗಿ ಕೊಟ್ಟಿಗೆಯ ಕಥೆ ಹೇಳಿದರು. ಹಾಲು ಬಿಟ್ಟರೆ ಚಹಾದ ಗತಿಯೇನು ಎಂದು ಜನ ಚೇಷ್ಟೆ ಮಾಡಿದರು. ಹೇಳಿದ್ದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರು. ಕಾಲಿಗೆ ಮಾತ್ರ ತಪ್ಪದೆ ಬಿದ್ದರು. ಕಾಲಿಗೆ ಬೀಳಲು ಏನನ್ನೂ ಬಿಡಬೇಕಾಗಿಲ್ಲವಲ್ಲ.

ಕೊನೆಗೆ ಗುರುಗಳ ಕಣ್ಣು ಮಂಜಾಯಿತು. ಹಾಸಿಗೆ ಹಿಡಿದರು.

“ನನ್ನ ಮಾತು ಕೇಳಿ ಹಾಲು ಬಿಟ್ಟವರು ಯಾರರ ಅದಾರೇನೋ?” ಎಂದು ಕೇಳಿದರು ಒಮ್ಮೆ.

“ನಾ ಅದೀನ್ರಿ, ಅಪ್ಪಾರ.”

“ನೀ ಅದಿ. ಸಾಕು,” ಎಂದು ಮಗ್ಗುಲು ಹೊರಳಿದರು.

ಮುರಿಗೆಪ್ಪನಿಗೆ ಸಾಕೆನಿಸಲಿಲ್ಲ. ಗುರುಗಳು ಹೋದರೆ ಅವರ ಮಾತೂ ಮಣ್ಣುಪಾಲಾಗುತ್ತದೆ ಎಂಬ ಭಯ ಅವನನ್ನು ತಿನ್ನುತ್ತಿತ್ತು. ಅವನದು ಪ್ರೀತಿಯೇ, ಸುಳ್ಳಲ್ಲ. ಭಕ್ತರಿಗೆ ಹೇಳಿ ಗುರುಗಳ ಆಳೆತ್ತರದ ಹಿತ್ತಾಳೆ ಮೂರ್ತಿ ಮಾಡಿಸಿದ.

ಪ್ರತಿಷ್ಠೆಯ ದಿನ ಊರಿಗೆ ಊರೇ ಅಭಿಷೇಕಕ್ಕೆಂದು ಕೊಡ ಹೊತ್ತು ಬಂತು. ಕೊಡಗಳ ತುಂಬ ಹಾಲು. ಬೇಡವೆನ್ನಲು ಮುರಿಗೆಪ್ಪ ಬಾಯಿ ತೆರೆದ. ಬಂದವರು ಮುನಿಸಿಕೊಂಡು ತಿರುಗಿ ಹೋದಾರೆಂದು ಮುಚ್ಚಿಕೊಂಡ.

ಗುರುಗಳನ್ನು ಎತ್ತಿ ತಂದು ಹಾಲಿನಲ್ಲಿ ತೊಯ್ದ ಮೂರ್ತಿಯ ಪಕ್ಕದಲ್ಲಿ ಕೂರಿಸಿದರು. ಕಣ್ಣು ಕಾಣದಿದ್ದರೂ ವಾಸನೆಗೇ ಅವರಿಗೆ ತಿಳಿಯಿತು. ಕೈ ಚಾಚಿ ಮೂರ್ತಿಯ ಬೆನ್ನು ಸವರಿದರು. ಬೆರಳೆಲ್ಲ ಹಾಲಾಯಿತು.

“ಯಾಕೋ ತಮ್ಮಾ, ಇದು?”

“ನೀವು ಹೋದ ಮ್ಯಾಲೂ ಜನ ಬರೋದು ನಿಲ್ಲಬಾರದಲ್ರಿ, ಅಪ್ಪಾರ.”

ಹೇಳಿದ ಮೇಲೆ, ಈ ಮಾತನ್ನು ಹಿಂದೆಲ್ಲೋ ಕೇಳಿದ್ದೆ ಎನಿಸಿತು ಮುರಿಗೆಪ್ಪನಿಗೆ. ಎಲ್ಲಿ ಎಂದು ಯೋಚಿಸುತ್ತಲೇ ರೈತನ ಕೊಟ್ಟಿಗೆ ಕಣ್ಣಮುಂದೆ ಬಂತು.

ಗುರುಗಳು ಬೆರಳ ಗೆಣ್ಣಿನಿಂದ ಮೂರ್ತಿಯ ಬೆನ್ನನ್ನು ತಟ್ಟಿದರು. ಒಳಗೆ ಟೊಳ್ಳು, ಠಣ್ ಎಂದಿತು.

“ಹುಲ್ಲು ತುಂಬೋದು ಮರತೀಯಲ್ಲೋ, ತಮ್ಮಾ.”