ಆಮೆಯ ಮೊಟ್ಟೆಗೆ ಬಾತುಕೋಳಿಯ ಆರೈಕೆ

೧೯೭೪ರ ಮಾರ್ಚ್ ೧೧. ಮಕ್ಕಳೇ, ನನ್ನ ಹಳೆಯ ದಿನಚರಿಯಲ್ಲಿ ಈ ತಾರೀಖಿನ ಕೆಳಗೆ ಬರೆದಿಟ್ಟ ಕತೆ ಇದು.

ಒಂದು ಕಾಡಿನ ಕೆರೆಯ ದಡದಲ್ಲಿ ಮೊಟ್ಟೆಗಳ ಆಸ್ಪತ್ರೆಯಿತ್ತು. ಹುಲ್ಲಿನ ವಾರ್ಡಿನಲ್ಲಿ ಹಕ್ಕಿಗಳ ಮೊಟ್ಟೆ, ಮರಳಿನ ವಾರ್ಡಿನಲ್ಲಿ ಆಮೆಮ್ಮನ ಮೊಟ್ಟೆ. ಕೊಕ್ಕರೆಮ್ಮ ಅಲ್ಲಿಯ ಮೇಟ್ರನ್, ಅಂದರೆ ನರ್ಸುಗಳ ಮುಖ್ಯಸ್ಥೆ.

ಹುಲ್ಲಿನ ವಾರ್ಡಿನ ನರ್ಸ್ ಬಾತಕ್ಕ ಬಲು ನಿಷ್ಠೆಯವಳು. ಹಕ್ಕಿಯ ಮೊಟ್ಟೆಯನ್ನು ಆಗಾಗ ಮಗುಚಿಡಬೇಕು; ಇಲ್ಲದಿದ್ದರೆ ಒಳಗಿನ ಮರಿ ಚಿಪ್ಪಿಗೆ ಅಂಟಿಕೊಳ್ಳುತ್ತದೆ. ಬಾತಕ್ಕ ಒಮ್ಮೆಯೂ ಮರೆತವಳಲ್ಲ.

ಒಂದು ಬೆಳಿಗ್ಗೆ ಮರಳಿನ ವಾರ್ಡಿನ ನರ್ಸ್ ಓತಿಕ್ಯಾತಮ್ಮ ಪೊರೆ ಬಿಡಲೆಂದು ರಜೆ ಹಾಕಿದಳು.

"ಬಾತಕ್ಕ, ಇವತ್ತು ನೀನು ಆ ಕಡೆ ಹೋಗು," ಎಂದಳು ಕೊಕ್ಕರೆಮ್ಮ.

"ನಾನಾ? ಆಮೆಗಳ ಕೆಲಸ ನಂಗೊತ್ತಿಲ್ಲಮ್ಮ. ಓತಿಕ್ಯಾತಮ್ಮನ್ನ ಒಂದು ಮಾತು ಕೇಳ್ಕೊಂಡು ಬರ್ಲಾ?"

"ಕೇಳೋದೇನೇ ಅದ್ರಲ್ಲಿ? ಅಲ್ಲೂ ಮೊಟ್ಟೆ, ಇಲ್ಲೂ ಮೊಟ್ಟೆ. ಕೈ ಹಿಡ್ಕೊಂಡು ಬಿಟ್ಟು ಬರ್ಬೇಕಾ ನಿನ್ನ? ನಡಿ ನಡಿ!"

ಸುತ್ತಲಿದ್ದ ಹಕ್ಕಿಗಳು ಕಿಸಕ್ಕೆಂದು ನಕ್ಕವು. ಬಾತಕ್ಕ ಮರಳಿನ ವಾರ್ಡಿಗೆ ಹೊರಟಳು.

ಮರಳು ಸರಿಸಿ ನೋಡಿದವಳು ದಂಗಾದಳು. "ಅಯ್ಯೋ, ಇವನ್ನ ಯಾರೂ ತಿರುಗಿಸೇ ಇಲ್ವಲ್ಲ!" ಪಾಪ, ಸಂಜೆಯವರೆಗೂ ಕೊಕ್ಕಿನಿಂದ ಒಂದೊಂದನ್ನೇ ಮೆಲ್ಲಗೆ ಮಗುಚಿದಳು. ಮುಗಿದ ಮೇಲೆ ಮೊದಲಿನಿಂದ ಮತ್ತೆ ಮಗುಚಿದಳು.

ಅಷ್ಟರಲ್ಲಿ ಆಮೆಮ್ಮ ಮೊಟ್ಟೆ ನೋಡಲು ಬಂದಳು. ಬಂದವಳು ಅಲ್ಲೇ ನಿಂತುಬಿಟ್ಟಳು.

"ಏನ್ ಮಾಡ್ತಿದ್ದೀಯೇ?"

"ಮಗುಚಿಡ್ತಿದ್ದೀನಿ ಆಮೆಮ್ಮ. ಬೆಳಿಗ್ಗೆಯಿಂದ ಒಂದೂ ಬಿಟ್ಟಿಲ್ಲ."

"ಮಗುಚಿದ್ಯಾ? ನಮ್ಮ ಮೊಟ್ಟೆ ಇಟ್ಟಲ್ಲಿ ಇಟ್ಟ ಹಾಗೇ ಇರ್ಬೇಕು ಕಣೇ! ತಿರುಗಿಸಿದ್ರೆ ಮರಿ ಒಳಗೇ ಉಸಿರು ಕಟ್ಟಿ ಹೋಗುತ್ತೆ!"

ಕೂಗು ಕೇಳಿ ಕೊಕ್ಕರೆಮ್ಮ ಓಡಿ ಬಂದಳು.

"ಇಷ್ಟೂ ಗೊತ್ತಾಗಲ್ವೇನೇ ನಿಂಗೆ?" ಎಂದು ಗದರಿದಳು.

"ಗೊತ್ತಿಲ್ಲ ಅಂತ ಬೆಳಿಗ್ಗೇನೇ ಹೇಳಿದ್ನಲ್ಲಮ್ಮ," ಎಂದಳು ಬಾತಕ್ಕ.



ಆಮೆಮ್ಮ ಮರಳನ್ನು ಮತ್ತೆ ಮುಚ್ಚಿ ಕಾದಳು. ಮಳೆಗಾಲ ಬಂತು. ಆ ಮರಳಿನಿಂದ ಒಂದು ಮರಿಯೂ ಮೇಲೆ ಬರಲಿಲ್ಲ. ಬಾತಕ್ಕ ಮತ್ತೆಂದೂ ಮೊಟ್ಟೆ ಮುಟ್ಟಲಿಲ್ಲ. ಹುಲ್ಲಿನ ವಾರ್ಡಿಗೆ ಅಂಥ ನರ್ಸ್ ಮತ್ತೆ ಸಿಗಲಿಲ್ಲ. ಆಮೆಮ್ಮ ಕೆರೆಯನ್ನೇ ಬಿಟ್ಟು ಹೋದಳು.

ನೀತಿ: ಒಬ್ಬರನ್ನು ಹೊಸ ಕೆಲಸಕ್ಕೆ ಕಳಿಸುವವರು ಮೊದಲು ಆ ಕೆಲಸವನ್ನು ಹೇಳಿಕೊಡಬೇಕು; "ಗೊತ್ತಿಲ್ಲ" ಎಂದವರ ಮಾತನ್ನು ತಳ್ಳಿಹಾಕಬಾರದು.