ಪಿಳ್ಳಣ್ಣನ ಲವಂಗ

ನಾಮಕರಣದ ಮನೆಯಲ್ಲಿ ನಾಗಸ್ವರ ಊದುತ್ತಿದ್ದಾಗಲೇ ಪಿಳ್ಳಣ್ಣನ ಹಲ್ಲು ಸಿಡಿಯಿತು. ಎಡಗಡೆಯ ಕೆಳದವಡೆ ಹಲ್ಲು. ನೋವು ಕಿವಿಯವರೆಗೆ ಓಡಿತು. ಕಣ್ಣಲ್ಲಿ ನೀರು ಬಂತು. ಆದರೂ ಅವನು ನಾಗಸ್ವರ ಕೆಳಗಿಡಲಿಲ್ಲ. ಮಗುವನ್ನು ತೊಟ್ಟಿಲಿಗೆ ಹಾಕುವವರೆಗೆ ಊದಿ, ಆಮೇಲೆ ಕೆನ್ನೆ ಹಿಡಿದು ಕೂತ.

ಪಕ್ಕದಲ್ಲಿ ಡೋಲು ಬಾರಿಸುತ್ತಿದ್ದವನು ಅಶ್ವತ್ಥ. ಮೀಸೆ ಬರುವ ಮೊದಲಿನಿಂದಲೂ ಇಬ್ಬರೂ ಜೊತೆ.

“ಏನಣ್ಣಾ, ಹಲ್ಲಾ?”

“ಹೂಂ.”

“ನನ್ನ ಡೋಲು ಹರಿದರೆ ಹೊಸ ಚರ್ಮ ಹೊದಿಸಬಹುದು. ನಿನ್ನ ಬಾಯಿ ಕೆಟ್ಟರೆ ಏನು ಹೊದಿಸೋದು? ನಾಳೇನೇ ಡಾಕ್ಟರಿಗೆ ತೋರಿಸು. ವನಜನ ಮದುವೆ ಹತ್ತಿರ ಬಂತು.”

ವನಜ ಪಿಳ್ಳಣ್ಣನ ತಂಗಿಯ ಮಗಳು. ಚಿಕ್ಕವಳಿದ್ದಾಗ ಅವನ ತೊಡೆಯ ಮೇಲೆ ಕೂತು ಹೇಳಿದ್ದಳು: “ಮಾವ, ನನ್ನ ಮದುವೇಲಿ ನೀನೇ ಊದಬೇಕು. ಬೇರೆಯವರು ಊದಿದರೆ ನಾನು ತಾಳಿ ಕಟ್ಟಿಸಿಕೊಳ್ಳಲ್ಲ.” ಅವನು ಅವಳ ತಲೆ ಮುಟ್ಟಿ ಮಾತು ಕೊಟ್ಟಿದ್ದ. ಅವಳು ಮರೆತಿರಲಿಲ್ಲ. ಅವನೂ ಮರೆತಿರಲಿಲ್ಲ.

ಮನೆಗೆ ಬಂದಾಗ ಹೆಂಡತಿ ಚೌಡಮ್ಮ ಮುಖ ನೋಡಿದಳು. ಏನೂ ಕೇಳದೆ ಉಗುರುಬೆಚ್ಚಗಿನ ನೀರಿಗೆ ಉಪ್ಪು ಹಾಕಿ ಮುಕ್ಕಳಿಸಲು ಕೊಟ್ಟಳು. ತಣ್ಣೀರಲ್ಲಿ ಅದ್ದಿದ ಬಟ್ಟೆಯನ್ನು ಕೆನ್ನೆಗೆ ಒತ್ತಿದಳು. ಲವಂಗ ಜಜ್ಜಿ, ಹತ್ತಿಯಲ್ಲಿ ಸುತ್ತಿ, ಹಲ್ಲಿನ ಮೇಲಿಟ್ಟಳು. ಸ್ವಲ್ಪ ಹೊತ್ತಿಗೆ ನೋವು ಇಳಿಯಿತು.

“ಇದು ಬೆಳಗಾಗೋವರೆಗೆ ಅಷ್ಟೇ,” ಅಂದಳು. “ಎದ್ದ ಕೂಡಲೇ ಡಾಕ್ಟರ ಹತ್ರ ಹೋಗಿ.”

“ಹೋಗ್ತೀನಿ.”

ಹೋದ. ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕು ಬಸ್ ಸ್ಟ್ಯಾಂಡಿನ ಎದುರು, ಮಹಡಿಯ ಮೇಲಿತ್ತು. ಬೆಂಚಿನ ಮೇಲೆ ಕೂತ. ಒಳಗಿನಿಂದ ಯಂತ್ರದ ಸದ್ದು ಕೇಳುತ್ತಿತ್ತು. ಜೀವಮಾನವಿಡೀ ಶ್ರುತಿ ಹಿಡಿದ ಕಿವಿ ಅವನದು. ಆ ಸದ್ದಿಗೆ ಮೈ ಜುಮ್ಮೆಂದಿತು. ನಾಲಿಗೆಯಿಂದ ಹಲ್ಲು ಮುಟ್ಟಿ ನೋಡಿದ. ನೋವಿರಲಿಲ್ಲ. ಈಗ ಒಳಗೆ ಹೋದರೆ ಹಲ್ಲು ಕೀಳುತ್ತಾರೆ. ಬಾಯಿ ಊದುತ್ತದೆ. ಮದುವೆಗೆ ನಾಗಸ್ವರದ ಪೀಪಿಯನ್ನು ತುಟಿಯಲ್ಲಿ ಹಿಡಿಯುವುದು ಹೇಗೆ? ಕೇಳಿದ್ದರೆ ಡಾಕ್ಟರಮ್ಮ ಹೇಳುತ್ತಿದ್ದರು. ಅವನು ಕೇಳಲಿಲ್ಲ. ಎದ್ದು ಮೆಟ್ಟಿಲಿಳಿದ. ಎದುರಿನ ಅಂಗಡಿಯಲ್ಲಿ ಲವಂಗ ಕೊಂಡು ಜೇಬಿಗೆ ಹಾಕಿಕೊಂಡ.

“ಏನಂದರು?” ಅಂತ ಚೌಡಮ್ಮ ಕೇಳಿದಳು.

“ಏನೂ ಇಲ್ಲ ಅಂದರು.” ಅಶ್ವತ್ಥನಿಗೂ ಅದನ್ನೇ ಹೇಳಿದ.

ಚೌಡಮ್ಮ ನಂಬಿದಳು. ಮದುವೆ ಕೆಲಸಕ್ಕೆ ನಾದಿನಿಯ ಮನೆಗೆ ಹೋಗಿ ಅಲ್ಲೇ ಉಳಿದಳು.

ನೋವು ಮತ್ತೆ ಬಂತು. ಪಿಳ್ಳಣ್ಣ ಲವಂಗ ಇಟ್ಟ. ಹೋಯಿತು. ಇನ್ನೊಮ್ಮೆ ಬಂತು. ಎರಡು ಲವಂಗ ಇಟ್ಟ. ನೋವಿನ ಮಾತ್ರೆಯನ್ನು ನುಂಗದೆ ಹಲ್ಲಿನ ಬುಡಕ್ಕೆ ಒತ್ತಿ ಇಟ್ಟುಕೊಂಡ. ವಸಡು ಸುಟ್ಟು ಬೆಳ್ಳಗಾಯಿತು. ಕೆನ್ನೆ ಬೀಗಿತು. ಉಪ್ಪು ಹುರಿದು, ಬಟ್ಟೆಯಲ್ಲಿ ಕಟ್ಟಿ, ಬಿಸಿಬಿಸಿ ಶಾಖ ಕೊಟ್ಟುಕೊಂಡ. ಇನ್ನಷ್ಟು ಬೀಗಿತು.

ಒಂದು ದಿನ ನೋವು ತಾನಾಗಿಯೇ ನಿಂತಿತು. ಲವಂಗವೂ ಬೇಕಾಗಲಿಲ್ಲ. ಪಿಳ್ಳಣ್ಣ ನಕ್ಕ. ಹಲ್ಲಿನ ಒಳಗಿನ ನರ ಸತ್ತಿತ್ತು. ಕೀವು ದವಡೆಯ ಕೆಳಗೆ ದಾರಿ ಮಾಡಿಕೊಳ್ಳುತ್ತಿತ್ತು. ಅದು ಅವನಿಗೆ ಗೊತ್ತಿರಲಿಲ್ಲ.

ಮದುವೆಯ ಬೆಳಿಗ್ಗೆ ಎದ್ದಾಗ ಮೈ ಸುಡುತ್ತಿತ್ತು. ಗದ್ದದ ಕೆಳಗೆ ಗಡ್ಡೆಯಂತೆ ಗಟ್ಟಿಯಾಗಿತ್ತು. ಬಾಯಿ ಒಂದು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಪೀಪಿ ಹಿಡಿಯಲು ಅಷ್ಟು ಸಾಕು ಅಂದುಕೊಂಡ. ಮುಖಕ್ಕೆ ಅಂಗವಸ್ತ್ರ ಸುತ್ತಿಕೊಂಡು ಛತ್ರಕ್ಕೆ ಹೋದ.

ಅಶ್ವತ್ಥ ಅಂಗವಸ್ತ್ರ ಎಳೆದು ನೋಡಿದ. ತಮಾಷೆ ಮಾಡಲು ತೆರೆದ ಬಾಯಿ ಹಾಗೇ ನಿಂತಿತು.

“ಏನಣ್ಣಾ ಇದು! ಡಾಕ್ಟರು ಏನೂ ಇಲ್ಲ ಅಂದರು ಅಂತಿದ್ದೆ?”

ಪಿಳ್ಳಣ್ಣ ಎಂಜಲು ನುಂಗಲು ಆಗದೆ ಬಟ್ಟೆಗೆ ಒರೆಸಿಕೊಂಡ.

“ನಡಿ, ಈಗಲೇ ಹೋಗೋಣ.”

“ಗಟ್ಟಿಮೇಳ... ಆಗಲಿ,” ಅಂದ ಪಿಳ್ಳಣ್ಣ. ಹಲ್ಲು ಕಚ್ಚಿಕೊಂಡೇ ಅಂದ. ಬೇರೆ ರೀತಿ ಮಾತಾಡಲು ಅವನಿಂದ ಆಗುತ್ತಿರಲಿಲ್ಲ.

“ಚೌಡಕ್ಕನಿಗೆ ಹೇಳ್ತೀನಿ.”

ಪಿಳ್ಳಣ್ಣ ಅವನ ಕೈ ಹಿಡಿದುಕೊಂಡ. ಪಿಳ್ಳಣ್ಣನ ಅಂಗೈ ಬೆಂಕಿಯಂತಿತ್ತು. “ಮಾತು ಕೊಟ್ಟಿದ್ದೀನಿ ಕಣೋ. ಒಂದೇ ಒಂದು ಗಟ್ಟಿಮೇಳ.”

ಅಶ್ವತ್ಥ ಹೇಳಲಿಲ್ಲ. ಅದು ಅವನ ತಪ್ಪು.

ತಾಳಿ ಕಟ್ಟುವಾಗ ಊದಿ ಬಾರಿಸುವುದಕ್ಕೆ ಗಟ್ಟಿಮೇಳ ಅನ್ನುತ್ತಾರೆ. ಆ ಹೊತ್ತಿನಲ್ಲಿ ಸೀನು, ಅಳು, ಕೆಟ್ಟ ಮಾತು ಯಾವುದೂ ಮದುಮಕ್ಕಳ ಕಿವಿಗೆ ಬೀಳಬಾರದು. ಅದಕ್ಕೆ ಎಲ್ಲವೂ ಮುಳುಗಿಹೋಗುವಂತೆ ಜೋರಾಗಿ ಊದಬೇಕು, ಬಾರಿಸಬೇಕು. ಪುರೋಹಿತರು ಕೈ ಇಳಿಸುವವರೆಗೆ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಅಪಶಕುನ.

ಹುಡುಗ ತಾಳಿ ಕೈಗೆ ತೆಗೆದುಕೊಂಡ. ಜನ ಅಕ್ಷತೆ ಹಿಡಿದು ಎದ್ದು ನಿಂತರು. ತಲೆ ತಗ್ಗಿಸಿದ್ದ ವನಜ ಓರೆಗಣ್ಣಿನಲ್ಲಿ ಮಾವನನ್ನು ಹುಡುಕಿದಳು. ಪುರೋಹಿತರು ಬೆರಳೆತ್ತಿದರು.

“ಗಟ್ಟಿಮೇಳ! ಗಟ್ಟಿಮೇಳ!”

ಡೋಲು ಗುಡುಗಿತು. ಪಿಳ್ಳಣ್ಣ ಪೀಪಿಯನ್ನು ತುಟಿಗಿಟ್ಟು ಊದಿದ. ಸ್ವರ ಬರಲಿಲ್ಲ. ಬರೀ ಗಾಳಿ ಬುಸ್ಸೆಂದಿತು. ಮತ್ತೆ ಊದಿದ. ಈಗ ಗಾಳಿಯೂ ಬರಲಿಲ್ಲ. ಬೀಗಿದ ನಾಲಿಗೆ ಹಿಂದಕ್ಕೆ ಒತ್ತಿ ಗಂಟಲು ಕಟ್ಟಿತ್ತು. ಉಳಿದ ಚೂರು ಉಸಿರಲ್ಲಿ ಅವನು ಕೂಗಿದ. ಯಾರಿಗೂ ಕೇಳಲಿಲ್ಲ. ಡೋಲು ಆ ಕೂಗನ್ನು ನುಂಗಿಹಾಕಿತು.

ಅಶ್ವತ್ಥ ಮಾತ್ರ ನೋಡಿದ. ಅವನ ಕೈ ತಡವರಿಸಿತು. ನಿಲ್ಲಿಸಬೇಡ ಎಂದು ಪಿಳ್ಳಣ್ಣ ಕೈಯಾಡಿಸಿದ. ಅಶ್ವತ್ಥ ಬಾರಿಸಿದ. ಕಣ್ಣೀರು ಸುರಿಸುತ್ತಾ ಬಾರಿಸಿದ. ಮೊದಲ ಗಂಟು. ಪಿಳ್ಳಣ್ಣನ ಕೈಯಿಂದ ನಾಗಸ್ವರ ಜಾರಿತು. ಎರಡನೇ ಗಂಟು. ಅವನು ಗೋಡೆಗೆ ಒರಗಿದ. ತುಟಿ ನೀಲಿಯಾಯಿತು. ಮೂರನೇ ಗಂಟು. ಅಕ್ಷತೆ ಬಿತ್ತು. ಪುರೋಹಿತರು ಕೈ ಇಳಿಸಿದರು. ಡೋಲು ನಿಂತಿತು.

ಆ ನಿಶ್ಶಬ್ದದಲ್ಲಿ ಎಲ್ಲರಿಗೂ ಕೇಳಿಸಿದ್ದು ಒಂದೇ ಸದ್ದು. ಉಸಿರಿಗಾಗಿ ಒದ್ದಾಡುವ ಮನುಷ್ಯನ ಗೊರಗೊರ.

“ಮಾವಾ!” ಎಂದು ವನಜ ಚೀರಿದಳು.

ಹೂವು ಕಟ್ಟಿದ್ದ ಮದುಮಗನ ಕಾರಿನಲ್ಲೇ ಅವನನ್ನು ಹಾಕಿಕೊಂಡು ಓಡಿದರು. ಮಲಗಿಸಿದರೆ ಉಸಿರು ಕಟ್ಟುತ್ತಿತ್ತು. ಅಶ್ವತ್ಥ ಅವನನ್ನು ಮುಂದಕ್ಕೆ ಬಾಗಿಸಿ ಹಿಡಿದು ಕೂತ. ದಾರಿಯಲ್ಲಿ ಮೊದಲು ಸಿಕ್ಕಿದ್ದು ಬಸ್ ಸ್ಟ್ಯಾಂಡಿನ ಎದುರಿನ ಅದೇ ಕ್ಲಿನಿಕ್ಕು. ಚೌಡಮ್ಮ ಕೂಗಿದ ಕೂಗಿಗೆ ಡಾಕ್ಟರಮ್ಮ ಮೆಟ್ಟಿಲಿಳಿದು ಬಂದರು. ಒಮ್ಮೆ ನೋಡಿದರು.

“ಇದು ಇಲ್ಲಿ ಆಗೋದಲ್ಲ. ದೊಡ್ಡಾಸ್ಪತ್ರೆಗೆ ನಡೀರಿ,” ಅಂದರು. ತಾವೂ ಕಾರು ಹತ್ತಿದರು. ಫೋನ್ ಮಾಡಿ ಆಸ್ಪತ್ರೆಯವರಿಗೆ ಸಿದ್ಧವಾಗಿರಲು ಹೇಳಿದರು. ಆಮೇಲೆ ಪಿಳ್ಳಣ್ಣನ ಮುಖವನ್ನು ಮತ್ತೆ ನೋಡಿದರು.

“ಇವರು ಆವತ್ತು ಬೆಂಚಿನ ಮೇಲೆ ಕೂತಿದ್ದರಲ್ಲವಾ? ನಾನು ಕರೆಯೋಷ್ಟರಲ್ಲಿ ಎದ್ದು ಹೋಗಿದ್ದರು.”

ಚೌಡಮ್ಮ ಗಂಡನನ್ನು ನೋಡಿದಳು. ಅವನು ಕಣ್ಣು ಮುಚ್ಚಿಕೊಂಡ.

“ಆವತ್ತು ಬಂದಿದ್ದರೆ ಮದುವೆಗೆ ಊದೋಕೆ ಆಗ್ತಿತ್ತಾ, ಅಮ್ಮಾ?” ಅಂತ ಅಶ್ವತ್ಥ ಕೇಳಿದ.

“ಬಹುಶಃ ಆಗ್ತಿತ್ತು. ಕೀವು ಇಷ್ಟು ದೂರ ಬರೋಕೆ ನಾನು ಬಿಡ್ತಿರಲಿಲ್ಲ.”

“ನಾನು ಲವಂಗ ಇಟ್ಟಿದ್ದು ಬೆಳಗಾಗಲಿ ಅಂತ,” ಅಂದಳು ಚೌಡಮ್ಮ.

ಆಸ್ಪತ್ರೆಯಲ್ಲಿ ಗಂಟಲಿಗೆ ತೂತು ಮಾಡಿ ಉಸಿರು ಕೊಟ್ಟರು. ಗದ್ದದ ಕೆಳಗೆ ಕೊಯ್ದು ಕೀವು ತೆಗೆದರು. ಹಲ್ಲನ್ನೂ ಕಿತ್ತರು.

ಪಿಳ್ಳಣ್ಣ ಬದುಕಿದ. ಆದರೆ ದವಡೆ ಮೊದಲಿನಂತೆ ಆಡಲಿಲ್ಲ, ಉಸಿರು ಮೊದಲಿನಷ್ಟು ನಿಲ್ಲಲಿಲ್ಲ. ನಾಗಸ್ವರವನ್ನು ಚೌಡಮ್ಮ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದಳು. ವನಜನ ತಾಳಿ ಬರೀ ಡೋಲಿನ ಸದ್ದಿಗೆ ಕಟ್ಟಿದ್ದು.

ನೀತಿ: ಉಪ್ಪುನೀರು, ಲವಂಗ, ತಣ್ಣೀರ ಬಟ್ಟೆ ಹಲ್ಲುನೋವನ್ನು ಅಡಗಿಸುತ್ತವೆ, ರೋಗವನ್ನಲ್ಲ. ಅವು ಡಾಕ್ಟರ ಬಾಗಿಲಿನವರೆಗೆ ಹೋಗಲು ಸಿಕ್ಕ ಬಿಡುವು. ನೋವು ನಿಂತಿತೆಂದು ಬಾಗಿಲಿಂದ ಹಿಂತಿರುಗಬೇಡಿ. ಮುಖ ಬೀಗಿ ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು ಆಗದಿದ್ದರೆ, ಯಾವ ಕೆಲಸವಿದ್ದರೂ ಬಿಟ್ಟು ಆಸ್ಪತ್ರೆಗೆ ಓಡಿ.